ಹದಿನೆಂಟು ಅಡಿ

2024ರ ಆಗಸ್ಟ್ 12, ಸೋಮವಾರ. ಬೆಳಿಗ್ಗೆ 9.40ಕ್ಕೆ ಹಂಪಾಪುರ ಹೋಬಳಿ ಹೊಂಗೆಕೊಪ್ಪಲಿನ ಸೋಲಾರ್ ಘಟಕದ ಮ್ಯಾನೇಜರ್ ಸುನೀಲ್‌ಕುಮಾರ್ ಠಾಣೆಗೆ ಬಂದು ದೂರು ಕೊಟ್ಟ. ಭಾನುವಾರ ಯಾರೂ ಇಲ್ಲದಾಗ ತಂತಿಬೇಲಿ ಕತ್ತರಿಸಿದ್ದಾರೆ. ಏನು ಕಳುವಾಗಿದೆ ಎಂದು ಇನ್ಸ್‌ಪೆಕ್ಟರ್ ಗೌರೀಶ್ ಕೇಳಿದರೆ, ಏನೂ ಇಲ್ಲ ಎಂದ. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಸ್ಥಳ ಪಂಚನಾಮೆ. ಪಂಚರಲ್ಲಿ ಒಬ್ಬ ಪಂಚಾಯ್ತಿ ಅಧ್ಯಕ್ಷ ಮಹದೇವಪ್ರಸಾದ್. ಕರೆಯುವ ಮುಂಚೆಯೇ ಬಂದು ನಿಂತಿದ್ದ. ಊರ ದನ ಮೇಯುತ್ತಿದ್ದ ಗೋಮಾಳದಲ್ಲೀಗ ಕಣ್ಣು ಹಾಯುವಷ್ಟೂ ಸೋಲಾರ್ ಫಲಕ. ಒಂದೂ ಒಡೆದಿರಲಿಲ್ಲ. ಬೇಲಿ ಎದುರುಬದುರು ಎರಡು ಕಡೆ ತೆರೆದಿತ್ತು; ಫಲಕಗಳ ನಡುವಿನ ಸಂದಿಯುದ್ದಕ್ಕೂ ಗೊರಸಿನ ಗುರುತು. ಟೇಪು ಹಿಡಿದರು. ಎರಡು ಕಡೆಯೂ ಸರಿಯಾಗಿ ಹದಿನೆಂಟು ಅಡಿ. ಕತ್ತರಿಸಿದ ತಂತಿಯನ್ನು ಸುರುಳಿ ಸುತ್ತಿ, ದಾರದಿಂದ ಕಟ್ಟಿ ಬದಿಗಿಟ್ಟಿದ್ದರು. ಇದೆಂಥ ಶಿಸ್ತಿನ ಪುಂಡನಪ್ಪಾ ಎಂದುಕೊಂಡರು ಗೌರೀಶ್.

ಹೆಡ್ ಕಾನ್‌ಸ್ಟೆಬಲ್ ಜಯಲಕ್ಷ್ಮಮ್ಮ ಹುಣಸೂರಿನ ಹೊಗೆಸೊಪ್ಪು ಬೆಳೆಯುವ ಮನೆಯವರು. ದನದ ಕಾಲಿಗೆ ಸಿಕ್ಕದಿರಲೆಂದು ತಂತಿ ಸುತ್ತಿದ್ದಾರೆ ಎಂದರು. ದಾರವನ್ನೂ ಗುರುತಿಸಿದರು: ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರ. ಆದರೆ ಸುತ್ತು ತಿರುವುಮುರುವು. ಕಟ್ಟಿದವನು ಎಡಚ.

ಊರವರು ಬಾಯಿ ಬಿಡಲಾರರು ಎಂಬ ಅನುಮಾನದಿಂದಲೇ ಗೌರೀಶ್ 2.15ಕ್ಕೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಬಳಿ ಸೊಪ್ಪು ಕಟ್ಟುತ್ತಿದ್ದ ಹೆಂಗಸರಿಗೆ ಆ ಕಟ್ಟು ತೋರಿಸಿದರು. ಶಿವನಂಜಮ್ಮ ಎಂಬಾಕೆ ಒಮ್ಮೆ ನೋಡಿದಳು.

"ಎಡಚ ಸಿದ್ದಯ್ಯಂದು. ಗೋಮಾಳ ಮಾರ್ದೋನೂ ಅವ್ನೇ ಕಣ್ರೀ. ಎಳ್ಕೊಂಡೋಗಿ."

ಬೇಡ ಅಂದವರು ಒಬ್ಬರೂ ಇಲ್ಲ. ಇಷ್ಟು ಸಲೀಸಾಗಿ ಸಾಕ್ಷಿ ಸಿಕ್ಕಿದ್ದು ಗೌರೀಶರಿಗೆ ಹಿಡಿಸಲಿಲ್ಲ.

ಸಿದ್ದಯ್ಯ ಕೊಟ್ಟಿಗೆಯಲ್ಲಿ ಹಸು ತೊಳೆಯುತ್ತಿದ್ದ. ಅರವತ್ತು ದಾಟಿದ ಆಸಾಮಿ.

"ಬೇಲಿ ಕತ್ತರಿಸಿದ್ದು?"

"ನಾನೇ ಸಾರ್."

"ಯಾಕೆ?"

ಕೈ ಒರೆಸಿಕೊಂಡು ಹೇಳಿದ. ಹೋದ ವರ್ಷ ಗೋಮಾಳ ಬಿಟ್ಟುಕೊಡಲು ಊರು ಒಪ್ಪಿರಲಿಲ್ಲ. ಮಹದೇವಪ್ರಸಾದ್ ಮನೆಗೆ ಬಂದು, ದನ ಕೆರೆಗಿಳಿಯಲು ನಡುವೆ ಹದಿನೆಂಟು ಅಡಿ ದಾರಿ ಬಿಡಿಸುತ್ತೇನೆಂದು ದೇವರ ಪಟದ ಮುಂದೆ ಮಾತು ಕೊಟ್ಟ. ನಂಬಿದ ಸಿದ್ದಯ್ಯ ಮನೆಮನೆ ತಿರುಗಿ ಸಹಿ ಹಾಕಿಸಿದ. ಕೊನೆಗೆ ನಕ್ಷೆ ಬಂದಾಗ ಅದರಲ್ಲಿ ದಾರಿಯೇ ಇರಲಿಲ್ಲ. ಅಂದಿನಿಂದ ಅವನನ್ನು ಸೊಪ್ಪು ಕಟ್ಟಲೂ ಯಾರೂ ಕರೆಯುತ್ತಿಲ್ಲ.

"ಅವ್ರು ಹೇಳಿದ್ದಷ್ಟೇ ಬಿಚ್ಚಿವ್ನಿ. ಒಂದಡಿನೂ ಜಾಸ್ತಿ ಇಲ್ಲ."

ಜೀಪಿನ ಬಳಿ ನಿಂತಿದ್ದ ಅಧ್ಯಕ್ಷನನ್ನು ಗೌರೀಶ್ ಕೇಳಿದರು. ಅವನು ನಕ್ಕ.

"ಬಾಯಿಮಾತಿಗೇನು ಸಾರ್, ನೂರು ಆಡಿರ್ತೀವಿ. ರೆಕಾರ್ಡಲ್ಲಿ ಐತಾ?"

ಗೌರೀಶರಿಗೆ ಮೈ ಉರಿಯಿತು. ಆದರೆ ಮಾತು ತಪ್ಪಿದ್ದಕ್ಕೆ ಹಾಕಲು ಅವರ ಬಳಿ ಸೆಕ್ಷನ್ ಇರಲಿಲ್ಲ, ಬೇಲಿ ಕತ್ತರಿಸಿದ್ದಕ್ಕೆ ಇತ್ತು. 4.50ಕ್ಕೆ ಸಿದ್ದಯ್ಯನ ಬಂಧನ. ಎಡಗೈಯಲ್ಲಿ ಸಹಿ ಹಾಕಿ, ಪೆನ್ನು ಹಿಂತಿರುಗಿಸುತ್ತ ಕೇಳಿದ:

"ಪಂಚನಾಮೇಲಿ ಅಳತೆ ಬರ್ಕಂಡಿದ್ದೀರಾ ಸಾರ್?"

"ಹದಿನೆಂಟು ಅಡಿ."

"ಅದರ ಕೆಳಗೆ ಅಧ್ಯಕ್ಷರ ಸಹಿ?"

"ಇದೆ."

"ರೆಕಾರ್ಡಿಗೆ ಬಂತಲ್ಲ. ಸಾಕು ಬುಡಿ."

ಜೀಪು ಬ್ಯಾರನ್ ದಾಟುವಾಗ ಶಿವನಂಜಮ್ಮ ತಲೆ ಎತ್ತಲಿಲ್ಲ. ಆಚೆ, ಬೇಲಿ ತೆರೆದಿದ್ದ ಕಡೆಯಿಂದ ಅವಳ ಎರಡು ಹಸುಗಳು ಕೆರೆಗೆ ಇಳಿಯುತ್ತಿದ್ದವು.