ಲ್ಯಾಪ್‌ಟಾಪಿನೊಳಗೆ ಸಿಕ್ಕಿಬಿದ್ದ ಎಂಬತ್ತಾರು ಕಾಗದ

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ. ಮಾರ್ಲಿಸ್ ತನ್ನ ಹಳೇ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಹಸಿರು ದೀಪ ಹೊತ್ತಿತು. ಒಳಗಿನ ಫ್ಯಾನು ಒಮ್ಮೆ ಗುರ್ ಎಂದಿತು. ಆಮೇಲೆ ದೀಪವೂ ಇಲ್ಲ, ಸದ್ದೂ ಇಲ್ಲ. ಪರದೆ ಕಪ್ಪಗೇ ಇತ್ತು.

"ನಿನ್ನೆ ಬೆಳಿಗ್ಗೆಯಿಂದ ಇದೇ ಕಥೆ ಕಣೇ ಆರ್ಡಿಸ್," ಎಂದಳು. ಮುಖ ಬಿಳಿಚಿಕೊಂಡಿತ್ತು.

"ನಿನ್ನೆಯಿಂದಾನಾ? ನನಗೆ ಈಗ ಹೇಳ್ತಿದೀಯಾ?"

"ಯಾರಿಗೆ ಯಾಕೆ ತೊಂದರೆ ಕೊಡೋದು ಅಂತ..."

ನಮ್ಮೂರಿನವರ ರೋಗವೇ ಇದು. ಮನೆಗೆ ಬೆಂಕಿ ಬಿದ್ದರೂ ಪಕ್ಕದವರ ಊಟ ಮುಗಿಯಲಿ ಎಂದು ಕಾಯುವ ಜನ. ನನಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು? ನಾಳೆ ಮಧ್ಯಾಹ್ನ ಎರಡಕ್ಕೆ ಇದೇ ಚರ್ಚಿನ ನೆಲಮಾಳಿಗೆಯಲ್ಲಿ ಥೆಲ್ಮಾಳ ಬೀಳ್ಕೊಡುಗೆ. ಮೂವತ್ತೊಂಬತ್ತು ವರ್ಷ ನಮ್ಮ ಬರ್ಚ್ ಲೇಕ್ ಊರಿಗೆ ಅವಳೊಬ್ಬಳೇ ನರ್ಸು. ಅವಳಿಗೆ ಸುಳಿವು ಸಿಗದಂತೆ ಊರಿನ ಎಂಬತ್ತಾರು ಮಂದಿ ಬರೆದ, ಹೇಳಿ ಬರೆಸಿದ ಕೃತಜ್ಞತೆಯ ಕಾಗದಗಳು ಈ ಲ್ಯಾಪ್‌ಟಾಪಿನಲ್ಲಿದ್ದವು. ಬೇರೆ ಪ್ರತಿ ಇಲ್ಲ. ರಕ್ತದೊತ್ತಡ ನೋಡಲು ಥೆಲ್ಮಾ ಎಲ್ಲರ ಮನೆಯೊಳಗೂ ಬರುತ್ತಾಳಲ್ಲ—ಅವಳ ಕಣ್ಣಿಗೆ ಬಿದ್ದೀತೆಂದು ಮಾರ್ಲಿಸ್ ಟೈಪ್ ಮಾಡಿ ಮುಗಿದ ಚೀಟಿಗಳನ್ನೆಲ್ಲ ಒಲೆಗೆ ಹಾಕಿದ್ದಳು.

ಅವುಗಳಲ್ಲಿ ಒಂದು ನನ್ನ ಗಂಡ ಎಮಿಲ್‌ನದು. ಅವನು ಹೋಗಿ ಆರು ವಾರ. ಕೊನೆಯ ತಿಂಗಳುಗಳಲ್ಲಿ ಥೆಲ್ಮಾ ದಿನಾ ಸಂಜೆ ಅವನ ನಾಡಿ ನೋಡಲು ಬಂದವಳು ಒಂದು ಗಂಟೆ ಕೂತು ಹರಟುತ್ತಿದ್ದಳು. ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು ಗೊಣಗಿಕೊಂಡು ನಾನು ಪಕ್ಕದ ಕೋಣೆಯಲ್ಲಿ ಅಡ್ಡಾಗುತ್ತಿದ್ದೆ. ಎಮಿಲ್ ಹಾಸಿಗೆಯಲ್ಲೇ ಮಲಗಿ ಮಾರ್ಲಿಸಳಿಗೆ ಹೇಳಿ ಬರೆಸಿದ. ನನ್ನನ್ನು ಮಾತ್ರ ಹೊರಗೆ ಕಳಿಸಿದ. "ಎಲ್ಲರ ಜೊತೆ ಕೇಳಿಸ್ಕೋ," ಎಂದು ನಕ್ಕಿದ್ದ. ಅವನ ಆ ಮಾತು ಕಪ್ಪು ಪರದೆಯ ಹಿಂದೆಯೇ ಉಳಿದುಹೋದರೆ?

ನಾನು ಲಾಯ್ಡ್‌ಗೆ ಫೋನು ಮಾಡಿದೆ.

ಲಾಯ್ಡ್ ನಲವತ್ತು ವರ್ಷ ಟೆಲಿಫೋನ್ ಕಂಬ ಹತ್ತಿದವನು. ಈಗ ಪ್ರತಿ ಮಂಗಳವಾರ ಲೈಬ್ರರಿಯಲ್ಲಿ ಕೂತು ಊರವರ ಕೆಟ್ಟ ಸಾಮಾನು ರಿಪೇರಿ ಮಾಡುತ್ತಾನೆ. ಹಿಮ ಮೆತ್ತಿದ ಬೂಟು ಬಾಗಿಲಲ್ಲಿ ಬಿಟ್ಟು, ಕಾಲುಚೀಲದಲ್ಲಿ ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ—

"ಅಯ್ಯಯ್ಯೋ!"

ಗುಂಡುಸೂಜಿ. ಚಳಿಗಾಲವಿಡೀ ನಾವು ಹೆಂಗಸರು ಇಲ್ಲೇ ಕೂತು ಕೌದಿ ಹೊಲಿಯುತ್ತೇವೆ. ಬೂಟು ಒಳಗೆ ತರುವಂತಿಲ್ಲ. ಹಾಗಾಗಿ ವರ್ಷಕ್ಕೆ ಐದಾರು ಪಾದಗಳಿಂದ ಸೂಜಿ ಕೀಳುವುದು ಥೆಲ್ಮಾಳ ಪಾಲಿನ ಕೆಲಸ.

"ನಿಮ್ಮ ಕೌದಿಗಿಂತ ನಿಮ್ಮ ನೆಲದಲ್ಲೇ ಸೂಜಿ ಜಾಸ್ತಿ," ಎನ್ನುತ್ತ ಲಾಯ್ಡ್ ಕುಂಟಿಕೊಂಡು ಬಂದು ಕೂತ. "ಹೇಳು ಮಾರ್ಲಿಸ್. ಬುಧವಾರ ಸರಿಯಿತ್ತಾ?"

"ಸಂಜೆ ಐದರ ತನಕ ಟೈಪ್ ಮಾಡಿದೀನಿ."

"ಕೆಳಗೆ ಬಿತ್ತಾ? ಕಾಫಿ ಚೆಲ್ಲಿದ್ಯಾ?"

"ಛೆ, ಇಲ್ಲಪ್ಪ!"

"ಬ್ಯಾಟರಿ?"

"ಅದು ಸತ್ತು ಮೂರು ವರ್ಷ ಆಯ್ತು. ವೈರು ಚುಚ್ಚಿದ್ರೇನೇ ಜೀವ."

"ಹಾಗಾದ್ರೆ ಗುರುವಾರ ಬೆಳಿಗ್ಗೆ ಇಲ್ಲಿ ಬದಲಾಗಿದ್ದು ಏನು?"

ಚರ್ಚು ನೋಡಿಕೊಳ್ಳುವ ಡುವೇನ್ ಆಗಲೇ ನೆಲ ಒರೆಸಲು ಒಳಗೆ ಬಂದ. ನಾನು ಬಿಡುತ್ತೇನೆಯೇ?

"ಡುವೇನ್! ನಿನ್ನೆ ಈ ಗೋಡೆಯ ಪ್ಲಗ್ಗು ಬದಲಾಯಿಸಿದ್ದು ನೀನು ತಾನೆ?"

"ಹೌದು. ಹಳೇದು ಕಿಡಿ ಹಾರಿಸ್ತಿತ್ತು."

"ಊರಲ್ಲಿ ಥೆಲ್ಮಾಗೆ ಕಾಗದ ಕೊಡದವನೂ ನೀನೊಬ್ಬನೇ!"

ಅವನ ಕಿವಿ ಕೆಂಪಾಯಿತು. "ಅದಕ್ಕೂ ಇದಕ್ಕೂ ಏನು ಸಂಬಂಧ ಆರ್ಡಿಸ್?"

"ನೀನೇ ಹೇಳು!"

"ಆರ್ಡಿಸ್," ಲಾಯ್ಡ್ ಮೆಲ್ಲಗೆ ಹೇಳಿದ, "ಪೊಲೀಸು ಕೆಲಸ ನನಗೆ ಬಿಟ್ಟು ನೀನು ಕಾಫಿ ಇಡು."

ಕಾಫಿ ಕುಡಿದು ಲಾಯ್ಡ್ ಲ್ಯಾಪ್‌ಟಾಪನ್ನೂ ಅದರ ವೈರನ್ನೂ ರಸ್ತೆಯಾಚೆಯ ತನ್ನ ಮನೆಗೆ ಒಯ್ದ. ನಾವಿಬ್ಬರೂ ಹಿಂದೆಯೇ. ಅಡಿಗೆಮನೆಯ ಮೇಜಿನ ಮೇಲಿಟ್ಟು ವೈರು ಚುಚ್ಚಿ ಗುಂಡಿ ಒತ್ತಿದ. ಹಸಿರು ದೀಪ. ಫ್ಯಾನು. ಪರದೆ ಬೆಳಗಿತು! ಎಂಬತ್ತಾರು ಹೆಸರು ಸಾಲಾಗಿ ಕಂಡವು. ಎಮಿಲ್‌ನ ಹೆಸರನ್ನು ನನ್ನ ಕಣ್ಣಾರೆ ನೋಡಿದೆ.

"ತಾಳಿ, ಮೊದಲು ಒಂದು ನಕಲು ತೆಗೀತೀನಿ," ಎಂದು ಲಾಯ್ಡ್ ಡ್ರಾಯರಿನಲ್ಲಿ ಪೆನ್ ಡ್ರೈವ್ ಹುಡುಕತೊಡಗಿದ.

"ನಕಲೂ ಬೇಡ, ಏನೂ ಬೇಡ. ಪ್ರಿಂಟರು ಚರ್ಚಲ್ಲಿದೆ, ನಡೀರಿ!" ಎಂದು ನಾನು ಮುಚ್ಚಳ ಮುಚ್ಚಿ, ವೈರು ಕಿತ್ತು, ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟೆ. ನನ್ನ ದುಡುಕಿಗೆ ನಾನೇ ಬೈದುಕೊಳ್ಳಬೇಕು.

ನೆಲಮಾಳಿಗೆಗೆ ಬಂದು ಮಾರ್ಲಿಸ್ ತನ್ನ ಜಾಗದಲ್ಲಿ ಎಲ್ಲವನ್ನೂ ಅಣಿ ಮಾಡಿಕೊಂಡು ಗುಂಡಿ ಒತ್ತಿದಳು. ದೀಪ ಹೊತ್ತಿತು. ಆರಿತು. ಕತ್ತಲೆ.

"ನೋಡಿದ್ರಾ!" ನಾನು ಕೂಗಿದೆ. "ಲಾಯ್ಡ್ ಮನೇಲಿ ಬದುಕಿತ್ತು, ಡುವೇನ್‌ನ ಪ್ಲಗ್ಗಿಗೆ ಹಾಕಿದ್ರೆ ಸಾಯುತ್ತೆ! ಇನ್ನೇನು ಸಾಕ್ಷಿ ಬೇಕು? ಲಾಯ್ಡ್, ವಾಪಸ್ ನಿಮ್ಮನೆಗೇ ಹೋಗೋಣ."

"ಹೋಗೋಣ. ಆದ್ರೆ ಯಾಕೆ ಅಂತ ಗೊತ್ತಾಗದೆ ಮುದಿ ಯಂತ್ರಾನ ಹೀಗೆ ಹೊತ್ಕೊಂಡು ಓಡಾಡಿದ್ರೆ ನಿಜವಾಗ್ಲೂ ಸಾಯುತ್ತೆ." ಲಾಯ್ಡ್ ವೈರು ಕಿತ್ತು ಅದೇ ಪ್ಲಗ್ಗಿಗೆ ನಮ್ಮ ಇಸ್ತ್ರಿ ಪೆಟ್ಟಿಗೆ ಹಾಕಿದ. ಎರಡೇ ನಿಮಿಷ—ಕೈಯಿಡಲಾಗದಷ್ಟು ಬಿಸಿ. "ಪ್ಲಗ್ಗು ಚಿನ್ನದಂಥಾದ್ದು. ಡುವೇನ್ ನಿರಪರಾಧಿ."

ಡುವೇನ್ ನನ್ನ ಕಡೆ ನೋಡಲಿಲ್ಲ. ನಾನು ಚಾವಣಿ ನೋಡಿದೆ.

"ಈಗ ಯೋಚನೆ ಮಾಡಿ," ಲಾಯ್ಡ್ ಮೇಜಿನ ಸುತ್ತ ಒಂದು ಸುತ್ತು ಹಾಕಿದ. "ನಮ್ಮನೇಲಿ ಇಲ್ಲದ್ದು ಇಲ್ಲಿ ಏನಿದೆ?—ಮಾರ್ಲಿಸ್, ಕೀಲಿಗಳ ಮುಂದೆ ಇಟ್ಕೊಂಡಿದೀಯಲ್ಲ, ಅದೇನು?"

"ಇದಾ? ಕೈದಿಂಬು. ಟೈಪ್ ಮಾಡಿ ಮಾಡಿ ಮಣಿಕಟ್ಟು ನೋಯ್ತಿತ್ತು. ಗುರುವಾರ ಬೆಳಿಗ್ಗೆ ನೋಡ್ತೀನಿ, ಬಾಗಿಲ ಹಿಡಿಗೆ ಚೀಲದಲ್ಲಿ ನೇತಾಡ್ತಿದೆ. ಹೆಸರಿಲ್ಲ, ಚೀಟಿ ಇಲ್ಲ. ಕೌದಿ ಗುಂಪಿನವರು ಯಾರೂ ಒಪ್ಕೊಳ್ತಿಲ್ಲ."

"ಗುರುವಾರ ಬೆಳಿಗ್ಗೆ?"

"ಹೂಂ, ಆದ್ರೆ ಬಟ್ಟೆ ದಿಂಬು ಕಣೋ ಅದು! ಏನು ಮಾಡುತ್ತೆ?"

ಲಾಯ್ಡ್ ದಿಂಬನ್ನು ಎತ್ತಿ ಮಗುಚಿದ. ಅಡಿಯಲ್ಲಿ ಒಂದು ಗುಂಡುಸೂಜಿ. ಅವನು ದಿಂಬನ್ನು ಜೋರಾಗಿ ಕೊಡವಿದ. ಸೂಜಿ ಬೀಳಲಿಲ್ಲ.

"ಚುಚ್ಕೊಂಡಿದೆ," ಎಂದೆ.

"ಸರಿಯಾಗಿ ನೋಡು. ಬಟ್ಟೆಯೊಳಗೆ ಹೋಗಿಲ್ಲ. ಸುಮ್ನೆ ಮೇಲೆ ಅಂಟ್ಕೊಂಡಿದೆ."

ಅವನು ಮತ್ತೆ ವೈರು ಹಾಕಿ, ದಿಂಬನ್ನು ದೂರವಿಟ್ಟು ಗುಂಡಿ ಒತ್ತಿದ. ಪರದೆ ಬೆಳಗಿತು. ದಿಂಬನ್ನು ಹತ್ತಿರ ತಂದ. ಪರದೆ ಆರಿತು. ಮಾರ್ಲಿಸ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಮುಚ್ಚಳದ ಅಂಚಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತೆ," ಲಾಯ್ಡ್ ಹೇಳಿದ. "ಮುಚ್ಚಿದಾಗ ಅದು ಕೆಳಗಿನ ಈ ಜಾಗಕ್ಕೆ ಬರುತ್ತೆ. ಯಂತ್ರಕ್ಕೆ ಅಷ್ಟೇ ಗೊತ್ತು—ಮುಚ್ಚಳ ಹಾಕಿದ್ರು, ಮಲಗೋಣ ಅಂತ. ಈ ದಿಂಬಿನೊಳಗೂ ಅಯಸ್ಕಾಂತ ಇದೆ, ಇನ್ನೂ ದೊಡ್ಡದು. ನೀನು ಎಬ್ಬಿಸ್ತಿದ್ದೆ, ದಿಂಬು ಮಲಗಿಸ್ತಿತ್ತು."

"ದಿಂಬಿನೊಳಗೆ ಅಯಸ್ಕಾಂತ ಯಾವ ಪುಣ್ಯಾತ್ಮರು ಇಡ್ತಾರೆ?"

"ನಿಮ್ಮ ಸೂಜಿ ನೆಲಕ್ಕೆ ಬೀಳದೆ ಅದರ ಮೇಲೇ ನಿಲ್ಲಲಿ ಅನ್ನೋರು. ಬೇರೆಯವರ ಪಾದದಿಂದ ಸೂಜಿ ಕಿತ್ತು ಕಿತ್ತು ಸಾಕಾದೋರು." ಲಾಯ್ಡ್ ದಿಂಬಿನ ಅಂಚನ್ನು ಮಾರ್ಲಿಸಳ ಮುಂದೆ ಹಿಡಿದ. "ಈ ಹೊಲಿಗೆ ನೋಡು. ನೀವು ಹೀಗೆ ಹೊಲೀತೀರಾ?"

"ಇಲ್ಲಪ್ಪ. ನಾವು ಒಂದೇ ದಾರ ಎಳ್ಕೊಂಡು ಹೋಗ್ತೀವಿ. ಇಲ್ಲಿ ಒಂದೊಂದು ಹೊಲಿಗೆಗೂ ಬೇರೆ ಗಂಟು ಹಾಕಿ, ಅಲ್ಲೇ ದಾರ ಕತ್ತರಿಸಿದಾರೆ."

ಲಾಯ್ಡ್ ತನ್ನ ಎಡಗೈ ಹೆಬ್ಬೆರಳನ್ನು ದಿಂಬಿನ ಪಕ್ಕದಲ್ಲಿಟ್ಟ. ಹಳೇ ಗಾಯದ ಗುರುತು: ಒಂದೇ ಅಳತೆಯ ಏಳು ಚುಕ್ಕೆ ಜೋಡಿ. ಹನ್ನೊಂದು ವರ್ಷದ ಹಿಂದೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಕೊಯ್ಯುವಾಗ ಆಗಿದ್ದು. ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಅವನ ಅಡಿಗೆಮನೆಯಲ್ಲೇ ಹೊಲಿಗೆ ಹಾಕಿದ್ದರು.

"ಎರಡೂ ಒಂದೇ ಕೈ," ಎಂದ. "ಅಪರಾಧಿ ಥೆಲ್ಮಾ."

ಅವಳಿಗೆ ಥ್ಯಾಂಕ್ಸ್ ಹೇಳಲು ಮಾರ್ಲಿಸ್ ಕೈ ನೋಯಿಸಿಕೊಂಡಳು. ಕೈ ನೋಯುವುದನ್ನು ಕಂಡ ಅವಳು ಸದ್ದಿಲ್ಲದೆ ದಿಂಬು ಹೊಲಿದಿಟ್ಟು ಹೋದಳು. ಬೈಯಲು ನನಗೆ ಒಬ್ಬರೂ ಉಳಿಯಲಿಲ್ಲ.

"ಅವಳಿಗೆ ಹೇಳೋದು ಬೇಡ," ಮಾರ್ಲಿಸ್ ಮೂಗು ಒರೆಸಿಕೊಂಡಳು. ಅಯಸ್ಕಾಂತವನ್ನು ಬಿಚ್ಚಿ ಸೂಜಿಡಬ್ಬಿಗೆ ಹಾಕಿ, ದಿಂಬನ್ನು ಮತ್ತೆ ಹೊಲಿದಳು. ಒಂದೊಂದಕ್ಕೂ ಬೇರೆ ಗಂಟು ಹಾಕಿ.

ಮಧ್ಯಾಹ್ನ ಪ್ರಿಂಟರಿನ ಬಳಿ ಡುವೇನ್ ಬಂದು ನಿಂತ. "ಎಂಬತ್ತೇಳನೇದು ಸೇರಿಸ್ತೀರಾ? ನನಗೆ ಬರೆಯೋಕೆ ಬರಲ್ಲ ಅಂತ ಕೊಟ್ಟಿರಲಿಲ್ಲ." ಒಂದೇ ಸಾಲು: 'ನನ್ನ ಕುಡಿತ ಬಿಡಿಸಿದ್ದು ನೀನು, ಊರಿಗೆ ಹೇಳಲೂ ಇಲ್ಲ.' ನಾನು ಅವನ ಕೈ ಹಿಡಿದು, "ತಪ್ಪಾಯ್ತು ಕಣೋ," ಎಂದೆ. "ಅಯ್ಯೋ, ಬಿಡು ಆರ್ಡಿಸ್," ಎಂದ.

ಶನಿವಾರ ಎರಡು ಗಂಟೆ. ನೆಲಮಾಳಿಗೆ ತುಂಬಿತ್ತು. ಎಲ್ಲರೂ ಕಾಲುಚೀಲದಲ್ಲಿ, ಕೈಯಲ್ಲಿ ಲೆಫ್ಸೆ ರೊಟ್ಟಿಯ ತಟ್ಟೆ. ಥೆಲ್ಮಾ ಮುಂದಿನ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. ಎಮಿಲ್‌ನ ಕಾಗದವನ್ನು ನನಗೇ ಓದಲು ಕೊಟ್ಟರು.

"'ಥೆಲ್ಮಾ,'" ಓದಿದೆ. "'ನಾಡಿ ನೋಡೋಕೆ ಅರ್ಧ ನಿಮಿಷ ಸಾಕು ಅಂತ ನನಗೂ ಗೊತ್ತು. ನೀನು ದಿನಾ ಸಂಜೆ ಒಂದು ಗಂಟೆ ಕೂರ್ತೀಯ. ಆ ಒಂದು ಗಂಟೆ ಆರ್ಡಿಸ್ ಪಕ್ಕದ ಕೋಣೇಲಿ ನಿದ್ದೆ ಮಾಡ್ತಾಳೆ. ಈ ಮೂರು ತಿಂಗಳು ಅವಳು ನೆಮ್ಮದಿಯಾಗಿ ಮಲಗಿದ್ದು ಅದೊಂದೇ ಗಂಟೆ. ನೀನು ಹರಟೆಮಲ್ಲಿ ಅಂತ ಅವಳು ಅಂದ್ಕೊಂಡಿದ್ದಾಳೆ. ನನ್ನ ಹೆಂಡತಿಯ ನಿದ್ದೆಗೆ ಥ್ಯಾಂಕ್ಸ್.'"

ಅಕ್ಷರಗಳು ಕಲಸಿಹೋದವು. ಊರವರ ಸುಳಿವನ್ನೆಲ್ಲ ಹುಡುಕಿದ ನನಗೆ ನನ್ನ ಮನೆಯೊಳಗಿನದು ಕಂಡಿರಲಿಲ್ಲ.

ನೇರ ಹೋಗಿ ಥೆಲ್ಮಾಳ ಮುಂದೆ ನಿಂತೆ. ಅವಳು ತಲೆ ತಗ್ಗಿಸಿದಳು. "ಅದೇನು ಮಹಾ ಬಿಡೇ ಆರ್ಡಿಸ್. ಹೇಗೂ ಆ ದಾರೀಲೇ ಹೋಗ್ತಿದ್ದೆ..."

"ನಮ್ಮ ಮನೆಯಿಂದಾಚೆ ದಾರೀನೇ ಇಲ್ಲ ಕಣೇ," ಎಂದೆ. "ಬರೀ ಕೆರೆ. ಸಿಕ್ಕಿಬಿದ್ದೆ ನೀನು."

ಅವಳನ್ನು ತಬ್ಬಿಕೊಂಡು, ಇಡೀ ಊರಿನ ಮುಂದೆ, ಜೋರಾಗಿ ಅತ್ತುಬಿಟ್ಟೆ.