ಮ್ಯಾಡ್ರಿಡ್‌ಗೆ ಒಣಮೀನು

ಮನಿಲಾದ ಮ್ಯೂಸಿಯಂನಲ್ಲಿ ಶನಿವಾರಗಳಂದು ಬಿಟ್ಟಿಯಾಗಿ ಟೂರ್ ಮಾಡಿಸುವ ವಾಲಂಟಿಯರ್‌ಗಳಲ್ಲಿ ಮಾಯುಮಿಯಷ್ಟು ಚೆಂದ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಆ ಮಾತೇ ಅವಳಿಗೆ ಮುಳುವಾಯಿತು.

ಅವಳ ಮೆಚ್ಚಿನ ಚಿತ್ರ ನಮ್ಮ ಮನಿಲಾದ ಕಲಾವಿದನೊಬ್ಬ ಮ್ಯಾಡ್ರಿಡ್‌ನಲ್ಲಿ ಕಲಿಯುತ್ತಿದ್ದಾಗ ಬರೆದದ್ದು. ಮುಂದೆ ಲೇಸಿನ ಶಾಲು ಹೊದ್ದ ಒಡತಿ, ಹಿಂದೆ ನೆರಳಲ್ಲಿ ಬಟ್ಟಲು ಹಿಡಿದ ಕೆಲಸದವಳು. ಮಾಯುಮಿ ಅವನ ಸ್ಪ್ಯಾನಿಷ್ ಗುರುವಿನ ಚಿತ್ರದ ಪ್ರತಿಯನ್ನು ಪಕ್ಕದಲ್ಲಿ ಹಿಡಿದು, ಎರಡರಲ್ಲೂ ಲೇಸಿನ ಮೇಲೆ ಬೆಳಕು ಬಿದ್ದ ಬಗೆ ತೋರಿಸುತ್ತಿದ್ದಳು. ಕೆಲಸದವಳ ಸುದ್ದಿಗೆ ಹೋಗುತ್ತಿರಲಿಲ್ಲ. ಇಷ್ಟೆಲ್ಲ ಎಲ್ಲಿ ಕಲಿತಿರಿ ಎಂದು ಹೊಸ ವಾಲಂಟಿಯರ್ ಎಫ್ರೆನ್ ಕೇಳಿದಾಗ, ಅವನ ಕಣ್ಣಿನ ಮೆಚ್ಚುಗೆಗೆ ಸೋತು, ನಮ್ಮಮ್ಮ ಮ್ಯಾಡ್ರಿಡ್‌ನಲ್ಲಿ ಚಿತ್ರಕಲೆ ಕಲಿಸುತ್ತಾರೆ ಎಂದುಬಿಟ್ಟಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ನೂಡಲ್ಸ್ ತಿನ್ನುವಷ್ಟು ಹತ್ತಿರವಾಗಿದ್ದರು. ಹಿರಿಯ ಗೈಡ್ ಚಾರಿಂಗ್ ಅತ್ತೆ, "ಇವರು ಚಿತ್ರ ನೋಡೋದು ಕಮ್ಮಿ, ಒಬ್ಬರನ್ನೊಬ್ಬರು ನೋಡೋದೇ ಜಾಸ್ತಿ" ಎಂದು ಛೇಡಿಸುತ್ತಿದ್ದರು. ಎಫ್ರೆನ್‌ನ ಕಿವಿ ಕೆಂಪಾಗುತ್ತಿತ್ತು. ಮಾಯುಮಿಗೆ ಸುಖವೂ ಆಗುತ್ತಿತ್ತು, ಒಳಗೊಳಗೇ ಅಳುಕೂ ಆಗುತ್ತಿತ್ತು.

ಆ ಶನಿವಾರ ಅವನು ಸಂಭ್ರಮದಿಂದ ಬಂದ. ಆಫೀಸಿನ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೊರಟಿದ್ದ. ಪರದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಅರ್ಧ ಜಾಗ ಯಾವಾಗಲೂ ಊರವರು ಅಲ್ಲಿರುವ ತಮ್ಮವರಿಗೆ ಕಳಿಸುವ ಸಾಮಾನಿಗೇ.

"ನಿಮ್ಮಮ್ಮನಿಗೆ ಏನು ಕಳಿಸ್ತೀರಿ? ಜಾಗ ಬಿಟ್ಟಿದೀನಿ."

"ಏನೂ ಬೇಡ. ನೀವು ಅವರನ್ನ ನೋಡೋದೂ ಬೇಡ."

ಹಾಗೆ ನಮ್ಮಲ್ಲಿ ಹಗೆಯವರೂ ಹೇಳುವುದಿಲ್ಲ. ಎಫ್ರೆನ್‌ನ ಮುಖ ಸಪ್ಪಗಾಯಿತು. ತನ್ನನ್ನು ಮನೆಯವರಿಗೆ ತೋರಿಸಲು ಇವಳಿಗೆ ಇಷ್ಟವಿಲ್ಲ ಎಂದುಕೊಂಡು, ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದ.

ಸುಮ್ಮನಿದ್ದರೆ ಅವನು ಹೋದಂತೆಯೇ. ನಿಜ ಹೇಳಿದರೂ ಹೋಗಬಹುದು. ಮಾಯುಮಿ ಹಿಂದೆಯೇ ಓಡಿದಳು.

"ಅಮ್ಮ ಕಲಿಸೋದಿಲ್ಲ, ಎಫ್ರೆನ್. ಅಲ್ಲಿ ಯಾರದೋ ಮನೇಲಿ ನೆಲ ಒರೆಸ್ತಾಳೆ. ನಾನು ಓದಿದ್ದು ಆ ದುಡ್ಡಲ್ಲೇ. ನನ್ನ ಟೂರಿನ ವಿಡಿಯೋ ನೋಡಿ ಕೇಳಿದ್ಲು, ಬಟ್ಟಲು ಹಿಡಿದು ಹಿಂದೆ ನಿಂತಿರೋ ಹುಡುಗಿ ಬಗ್ಗೆ ಯಾಕೆ ಏನೂ ಹೇಳಲಿಲ್ಲ ಅಂತ. ಏನಂತ ಹೇಳಲಿ?"

ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ. ಅಮ್ಮನ ಕೆಲಸಕ್ಕೆ ನಾಚಿದ್ದಕ್ಕಾಗಿ ಈಗ ನಾಚಿಕೆ.

ಎಫ್ರೆನ್ ಮೆಟ್ಟಿಲ ಮೇಲೆ ಕೂತ. ನನ್ನನ್ನ ಇಷ್ಟಕ್ಕೇ ಕೀಳಾಗಿ ನೋಡೋನು ಅಂದ್ಕೊಂಡ್ರಲ್ಲ ಎಂದು ನೊಂದುಕೊಂಡ. ಅವಳು ಪಕ್ಕದಲ್ಲಿ ಕೂತಳು. ನಿಮ್ಮಮ್ಮನಿಗೆ ಏನಿಷ್ಟ ಎಂದು ಅವನೇ ಕೇಳಿದ.

"ಒಣಮೀನು."

"ನನ್ನ ಅಂಗಿಯೆಲ್ಲ ನಾರುತ್ತೆ."

ಅವಳು ಅಳುತ್ತಲೇ ನಕ್ಕಳು. ಅವನು ನಗಲಿಲ್ಲ, ಅವಳನ್ನೇ ನೋಡುತ್ತಿದ್ದ.

"ನೀನ್ಯಾರಪ್ಪ ಅಂತ ನಿಮ್ಮಮ್ಮ ಕೇಳಿದ್ರೆ ಏನು ಹೇಳಲಿ?"

ಮ್ಯೂಸಿಯಂನ ಸ್ನೇಹಿತ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದೂ ಸುಳ್ಳೇ. ಮಾಯುಮಿ ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

"ನಿಮ್ಮ ಅಳಿಯ ಆಗೋನು ಅಂತ ಹೇಳು. ನಿನಗೆ ನಾಚಿಕೆ ಆಗದಿದ್ರೆ."