ಅಪ್ಪ ತುಂಬಿಸಿದ ಟ್ಯಾಂಕ್

“ಏಯ್! ಆ ಪೈಪ್ ಕೆಳಗಿಡು!”

ರೋನಾಳ ಕೂಗಿಗೆ ಲಾಯದ ಕುದುರೆಗಳೂ ಕಿವಿ ನಿಮಿರಿಸಿದವು. ಅವಳ ಟ್ರಕ್ಕಿನ ಟ್ಯಾಂಕಿಗೆ ಪೈಪ್ ಇಳಿಸಿ ಪೆಟ್ರೋಲ್ ಎಳೆಯುತ್ತಿದ್ದವನು ಬೆಚ್ಚಿ ತಿರುಗಿದ.

ಎಜ್ರಾ!

ಪಟ್ಟಣದ ಗ್ಯಾರೇಜಿನ ಎಜ್ರಾ. ಕಳೆದ ತಿಂಗಳು ಇದೇ ಟ್ರಕ್ಕಿಗೆ ಸೂಪರ್‌ಚಾರ್ಜರ್ ಕೂರಿಸಿದವನು. ಕೆಲಸ ಮುಗಿದ ದಿನ ಬಾಗಿಲಲ್ಲಿ ನಿಂತು ಏನೋ ಹೇಳಲು ಹೋಗಿ, ಟೋಪಿ ಸರಿಮಾಡಿಕೊಂಡು ಹೊರಟುಬಿಟ್ಟವನು. ಆ ಹೇಳದ ಮಾತನ್ನು ನೆನೆದು ಅವಳು ಎಷ್ಟು ಸಲ ಒಬ್ಬಳೇ ನಕ್ಕಿದ್ದಳೋ!

“ಬೆಳಬೆಳಗ್ಗೆ ಪೆಟ್ರೋಲ್ ಕದಿಯಕ್ಕೆ ಬಂದಿದ್ಯಾ?”

“ಕದೀತಿಲ್ಲ ರೋನಾ…”

“ಮತ್ತೆ? ಸ್ಟ್ರಾ ಹಾಕಿ ಜ್ಯೂಸ್ ಕುಡೀತಿದ್ಯಾ?”

ಅವನ ಕಾಲ ಬಳಿ ಎರಡು ಕೆಂಪು ಕ್ಯಾನುಗಳಿದ್ದವು. ಒಂದು ಆಗಲೇ ಭರ್ತಿ.

“ಯಾಕೆ ಅಂತ ಹೇಳು. ಹೇಳ್ಬಿಡು, ನಂಬ್ತೀನಿ.”

ಅವನು ಮನೆಯ ಕಿಟಕಿಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ. “ಹೇಳಕ್ಕಾಗಲ್ಲ.”

ಇದೇ ಮಾತು! ಮದುವೆಯಾಗುತ್ತೇನೆಂದು ನಂಬಿಸಿದ್ದ ಒಬ್ಬನು ಕೇಳಿದ್ದಕ್ಕೆಲ್ಲ ಹೀಗೇ ಬಾಯಿ ಮುಚ್ಚಿಕೊಂಡಿದ್ದು, ಕೊನೆಗೆ ಅವಳ ಕುದುರೆ ಸಾಗಿಸುವ ಟ್ರೇಲರ್ ಮಾರಿಕೊಂಡು ಪರಾರಿಯಾಗಿದ್ದ. ಎಲ್ಲ ಗಂಡಸರೂ ಒಂದೇ!

“ಹೋಗು. ಇನ್ನೊಂದ್ಸಲ ಈ ಅಂಗಳಕ್ಕೆ ಕಾಲಿಟ್ರೆ ನೋಡು!”

ಒಳಗೆ ಅಪ್ಪ ಹಾರ್ಲನ್ ಒಲೆಯ ಮುಂದೆ ನಿಂತು ಬೀನ್ಸ್ ಕಲಕುತ್ತಿದ್ದ.

“ಎಜ್ರಾ ಬಂದಿದ್ನಾ?” ಎಂದ, ಮುಖ ತಿರುಗಿಸದೆ.

“ನಿಂಗೆ ಹೇಗೆ ಗೊತ್ತು?”

“ದನಿ ಕೇಳಿಸ್ತು…” ಅಪ್ಪ ಸೌಟು ಕೈಬಿಟ್ಟ.

ಅಪ್ಪನೂ ಏನೋ ಮುಚ್ಚಿಡುತ್ತಿದ್ದಾನಾ? ರೋನಾಳ ಎದೆಯಲ್ಲಿ ಅನುಮಾನದ ಹುಳು ಹೊಕ್ಕಿತು. ಆದರೆ ಕೇಳುತ್ತ ಕೂರಲು ಹೊತ್ತಿರಲಿಲ್ಲ. ನಾಲ್ಕು ಕುದುರೆಗಳನ್ನು ಬಾಡಿಗೆ ಟ್ರೇಲರಿನಲ್ಲಿ ಘಾಟಿಯ ಆಚೆಗಿನ ಬೇಸಿಗೆ ಶಿಬಿರಕ್ಕೆ ಮಧ್ಯಾಹ್ನದೊಳಗೆ ತಲುಪಿಸಬೇಕಿತ್ತು. ಸರಿಯಾಗಿ ತಲುಪಿಸಿದರೆ ಬೇಸಿಗೆಯುದ್ದಕ್ಕೂ ಆ ಕೆಲಸ ಅವಳದೇ. ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಬೇರೆಯವರ ಪಾಲು.

ಕೊಲೊರಾಡೋದ ಆ ಎತ್ತರದಲ್ಲಿ ಗಾಳಿ ತೆಳು. ಮನುಷ್ಯರಂತೆ ಎಂಜಿನ್ನಿಗೂ ಏದುಸಿರು. ಅದಕ್ಕೇ ಅಪ್ಪನ ಹಳೆಯ ಟ್ರಕ್ಕಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್, ಒತ್ತಿದಾಗ ಕಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎರಡನ್ನೂ ಹಾಕಿಸಿದ್ದು.

ಅವಳು ಹೊರಡುವಾಗ ಅಪ್ಪ ಕುಂಟುತ್ತ ಹಿಂದೆಯೇ ಬಂದ. ಅವನಿಗೆ ಪಾರ್ಶ್ವವಾಯು ಬಡಿದ ಮೇಲೆ ಡ್ರೈವಿಂಗ್ ನಿಂತಿತ್ತು. ಆದರೂ ಮಗಳು ಹೊರಡುವ ಮುನ್ನ ಅಂಗಳದ ದೊಡ್ಡ ಟ್ಯಾಂಕಿನಿಂದ ಟ್ರಕ್ಕಿಗೆ ಪೆಟ್ರೋಲ್ ತುಂಬಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

“ನಿನ್ನೆ ಸಂಜೇನೇ ತುಂಬಿಸಿದೀನಮ್ಮಾ…” ಎಂದವನು ಇನ್ನೇನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. “ಹುಷಾರಾಗಿ ಹೋಗಿ ಬಾ.”

ಸೂಪರ್‌ಚಾರ್ಜರ್ ಕೂರಿಸಿದ ಮೇಲೆ ಟ್ರಕ್ಕು ಇಷ್ಟು ಭಾರ ಎಳೆದು ಘಾಟಿ ಹತ್ತುತ್ತಿದ್ದದ್ದು ಇದೇ ಮೊದಲು. ಅರ್ಧ ಏರುವಷ್ಟರಲ್ಲಿ ಎಂಜಿನ್ನಿನ ಸದ್ದು ಶುರುವಾಯಿತು. ಟಕಟಕ, ಟಕಟಕ… ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ!

ಮೋಸ! ಎಜ್ರಾ ಹಳೇ ಸಾಮಾನು ಕೂರಿಸಿ ಹೋಗಿದ್ದಾನೆ! ಅವಳು ಗಾಡಿ ಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಇಂಟರ್‌ಕೂಲರಿನಿಂದ ಹೊರಬರುವ ಪೈಪನ್ನು ಮುಟ್ಟಿದಳು. ತಣ್ಣಗಿತ್ತು. ಬೆಲ್ಟು, ಬೋಲ್ಟು ಎಲ್ಲ ಬಿಗಿಯಾಗಿದ್ದವು. ಕೆಲಸದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ.

ಹಿಂದೆ ಇನ್ನೊಂದು ಟ್ರಕ್ ಬಂದು ನಿಂತಿತು. ಎಜ್ರಾ ಇಳಿದ. ಕೈಯಲ್ಲಿ ಅದೇ ಕೆಂಪು ಕ್ಯಾನು, ಅದೇ ಪೈಪ್.

“ನನ್ನ ಹಿಂದೆ ಬಿದ್ದಿದ್ಯಾ?”

“ಹೌದು. ಬೈಯೋದಿದ್ರೆ ಆಮೇಲೆ ಬೈಕೋ. ಈಗ ಇರೋ ಪೆಟ್ರೋಲ್ ತೆಗೆದು ಇದನ್ನ ಹಾಕ್ಬೇಕು. ಇಲ್ದಿದ್ರೆ ತುದಿ ಮುಟ್ಟೋದ್ರೊಳಗೆ ಪಿಸ್ಟನ್ ಒಡೆಯತ್ತೆ.”

“ಏನದು?”

“ತೊಂಬತ್ತೊಂದು ಆಕ್ಟೇನ್ ಪೆಟ್ರೋಲ್.”

ಆಕ್ಟೇನ್ ಸಂಖ್ಯೆ ಹೆಚ್ಚಿದಷ್ಟೂ ಪೆಟ್ರೋಲ್ ಹೆಚ್ಚು ಒತ್ತಡ ತಾಳುತ್ತದೆ; ರೋನಾಗೆ ಈಗ ಹೊಳೆಯಿತು. ಆ ಬೆಟ್ಟಸೀಮೆಯಲ್ಲಿ ಎಲ್ಲರೂ ಹಾಕುವುದು ಎಂಬತ್ತೈದರ ಪೆಟ್ರೋಲ್. ತೆಳುಗಾಳಿಗೆ ಅದೇ ಸಾಕು. ಆದರೆ ಗಾಳಿಯನ್ನು ಒತ್ತಿ ತುಂಬಿಸಿಕೊಂಡ ಎಂಜಿನ್ನಿಗೆ ತಾನು ಬೆಟ್ಟದ ಮೇಲಿರುವುದೇ ಮರೆತುಹೋಗುತ್ತದೆ. ಅದರೊಳಗೆ ಎಂಬತ್ತೈದು ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ.

ಅಂಗಳದ ಟ್ಯಾಂಕಿನಲ್ಲಿದ್ದದ್ದು ಎಂಬತ್ತೈದು. ತುಂಬಿಸುತ್ತಿದ್ದದ್ದು… ಅಪ್ಪ!

“ಅಪ್ಪಂಗೆ ಹೇಳಿದ್ಯಾ ಇದನ್ನ?”

ಅವನು ಬಗ್ಗಿ ಟ್ಯಾಂಕಿಗೆ ಪೈಪ್ ಇಳಿಸಿದ.

“ನೀನು ಹೇಳಿದ್ದೆ,” ಎಂದಳು ರೋನಾ. “ ಅಪ್ಪ ಮರೆತ. ಹಳೇ ಅಭ್ಯಾಸ, ಕೈ ತಾನಾಗೇ ಹೋಯ್ತು. ರಾತ್ರಿ ಅಪ್ಪ ಫೋನಲ್ಲಿ ಪಿಸುಗುಟ್ಟಿದ್ದು ನಿನ್ ಜೊತೆನೇ. ಆಗ ನೀನು ಕಂಡುಹಿಡಿದೆ. ಮಗಳಿಗೆ ಹೇಳ್ಬೇಡ ಅಂದ… ಅಲ್ವಾ?”

“ನಾನೇನೂ ಹೇಳಿಲ್ಲ,” ಎಂದ ಎಜ್ರಾ ಮೆಲ್ಲಗೆ.

ಅವಳ ಕಣ್ಣು ತುಂಬಿತು. ಮಗಳಿಗಾಗಿ ಅಪ್ಪನಿಗೆ ಉಳಿದಿದ್ದದ್ದು ಅದೊಂದೇ ಕೆಲಸ. ಅದನ್ನು ಉಳಿಸಲು ಇವನು ಕಳ್ಳನೆನಿಸಿಕೊಂಡನಲ್ಲ!

ಮರುಕ್ಷಣ ಸಿಟ್ಟೂ ಬಂತು. “ಮಂಕೇ! ಎಂಜಿನ್ ಹೋಗಿದ್ರೆ? ಕುದುರೆಗಳ ಸಮೇತ ಇಲ್ಲೇ ನಿಂತಿದ್ರೆ?”

“ತಪ್ಪು ನಂದೇ. ಬೆಳಗ್ಗೆನೇ ಬಾಯ್ಬಿಡ್ಬೇಕಿತ್ತು. ಅದಕ್ಕೇ ಹಿಂದೆ ಬಂದೆ.”

ಹೊಸ ಪೆಟ್ರೋಲ್ ಕುಡಿದ ಎಂಜಿನ್ ಸದ್ದಡಗಿಸಿ ಘಾಟಿ ಏರಿತು. ಕುದುರೆಗಳು ಹೊತ್ತಿಗೆ ತಲುಪಿದವು.

ಸಂಜೆ ಇಬ್ಬರೂ ಮರಳಿದಾಗ ಹಾರ್ಲನ್ ಅಂಗಳದ ಟ್ಯಾಂಕಿನ ಬಳಿ ತಲೆ ತಗ್ಗಿಸಿ ನಿಂತಿದ್ದ. “ಹೇಳ್ಬಿಟ್ಯಾ?” ಎಂದು ಎಜ್ರಾನನ್ನು ಕೇಳಿದ.

“ಎಲ್ಲಿ ಹೇಳ್ತಾನೆ! ಮೂಕಬಸವ!” ರೋನಾ ಅಪ್ಪನ ತೋಳು ಹಿಡಿದಳು. “ಅಪ್ಪಾ, ನಾಳೆ ಈ ಟ್ಯಾಂಕ್ ಖಾಲಿ ಮಾಡಿಸಿ ಪೂರ್ತಿ ತೊಂಬತ್ತೊಂದು ಹಾಕಿಸ್ತೀನಿ. ಆಮೇಲೆ ಎಂದಿನ ಹಾಗೆ ನೀನೇ ತುಂಬ್ಸು. ನೀನು ತುಂಬಿಸ್ದೆ ನಾನು ಹೊರಡಲ್ಲ.”

ಮುದುಕ ಟೋಪಿಯಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದ.

“ಇನ್ನೂ ನನ್ ಮೇಲೆ ಅನುಮಾನ ಇದ್ಯಾ?” ಎಂದ ಎಜ್ರಾ.

“ಇದೆ. ಅವತ್ತು ಬಾಗಿಲಲ್ಲಿ ನಿಂತು ಏನೋ ನುಂಗ್ಕೊಂಡ್ಯಲ್ಲ. ಅದೂ ಯಾರಿಗೋ ಕೊಟ್ಟ ಮಾತಾ?”

“ಅಲ್ಲ… ಅದು ನಿಂಗೇ ಹೇಳ್ಬೇಕಿದ್ದ ಮಾತು.”

“ಹೇಳು ಹಾಗಾದ್ರೆ!”

“ನಿನ್ನ ಜೊತೆ ಇರ್ಬೇಕು ಅನ್ಸತ್ತೆ ರೋನಾ. ಗಾಡಿ ಕೆಡದೇ ಇರೋ ದಿನಾನೂ.”

ಅವಳು ಪೆಟ್ರೋಲ್ ನಾರುವ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಊಟಕ್ಕೆ ಬಾ,” ಎಂದಳು. “ಮತ್ತೆ… ಇನ್ಮೇಲೆ ಬೆಳಗ್ಗೆ ಬಂದ್ರೆ ಬಾಗಿಲು ತಟ್ಟು. ತೆಗಿಯಕ್ಕೆ ನಾನಿರ್ತೀನಿ.”